ಗ್ರಹಣಕ್ಕೆ ಹಾಡು: ಮಧ್ಯದಿಂದ ಹಿಂದಕ್ಕೆ ಲೆಕ್ಕ ಹಾಕಿ

2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಚಿತ್ರದುರ್ಗದ ಕೋಟೆ ಮೇಲೆ ನೀವು ಕೇಳುತ್ತಿದ್ದ ಹಾಡುಗಳು ಗ್ರಹಣದ ಮಧ್ಯಕ್ಕೆ (ಸೂರ್ಯ ಅತಿ ಹೆಚ್ಚು ಮರೆಯಾಗುವ ಹೊತ್ತಿಗೆ) ಮೊದಲೇ ಮುಗಿದವು ಅಂತ ಹೇಳಿದ್ದಿರಿ. ಬಹುಶಃ ಗ್ರಹಣ ಹಿಡಿದ ಕೂಡಲೇ ಹಚ್ಚಿದ್ದರಿಂದ ಹಾಗಾಯ್ತು. ಅವತ್ತು ಬಿಡಲು ಸುಮಾರು ಮೂರು ಗಂಟೆ ಬೇಕಾಯ್ತು, ಅಲ್ವಾ? ನನ್ನ ಹಾಡುಗಳೂ ಹಾಗೇ ಬೇಗ ಮುಗಿದಿದ್ದವು.

2027ರ ಆಗಸ್ಟ್ 2ರ ಸಂಜೆಯ ಪಾರ್ಶ್ವ ಗ್ರಹಣಕ್ಕೆ ಮೊದಲು ನಿಮ್ಮ ಊರಿನಲ್ಲಿ ಗ್ರಹಣದ ಮಧ್ಯಕಾಲ ಎಷ್ಟೊತ್ತಿಗೆ ಅಂತ ಬರೆದುಕೊಳ್ಳಿ. ಅದಕ್ಕೆ ನಲವತ್ತು ನಿಮಿಷ ಮುಂಚೆ ಮುಲ್ತಾನಿ ರಾಗದ ಖಯಾಲ್ (ಹಿಂದೂಸ್ತಾನಿ ಸಂಗೀತದ ಒಂದು ಗಾಯನ ಪ್ರಕಾರ) ಹಚ್ಚಿ. ಇಳಿಹೊತ್ತಿನ ರಾಗ ಅದು. ಹಾಡು ವಿಲಂಬಿತದಿಂದ (ನಿಧಾನ ಲಯ) ದ್ರುತ್‌ಗೆ (ವೇಗದ ಲಯ) ಏರುವಾಗ ನೆರಳೂ ಏರುತ್ತಿರುತ್ತದೆ, ತುಂಬಾ ಚಂದ.

ಗ್ರಹಣದ ಕನ್ನಡಕದಲ್ಲಿ ಸೂರ್ಯ ಬಿಟ್ಟು ಬೇರೇನೂ ಕಾಣಲ್ಲ, ಮೊಬೈಲ್ ಪರದೆಯೂ ಪೂರ್ತಿ ಕಪ್ಪು. ಅದಕ್ಕೇ ಬಟನ್ ಇರುವ ಇಯರ್‌ಫೋನ್ ತನ್ನಿ. ಕನ್ನಡಕ ತೆಗೆಯಬೇಕಾದರೆ ಮೊದಲು ಮುಖ ತಿರುಗಿಸಿ. ಆಗಸ್ಟ್‌ನಲ್ಲಿ ಮೋಡ ಯಾವಾಗ ಮುಚ್ಚುತ್ತದೋ ಹೇಳಲಾಗದು. ಮೋಡ ಮುಚ್ಚಿದರೂ ಹಾಡು ನಿಲ್ಲಿಸಬೇಡಿ.