ಬೆಳಗಾವಿಗೆ ಹೋಗಿ, ಆದರೆ ಚಹಾದ ವಿಷಯ ಮೊದಲು ನೋಡಿ
ಸರ್, ದಿನಾ ಥೈರಾಯ್ಡ್ ಮಾತ್ರೆ ನುಂಗಿದರೂ ತಾಯಿಯವರ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗ ರಕ್ತದಲ್ಲಿ ಏರುವ ಅಂಶ) 12ರಿಂದ ಇಳಿದಿಲ್ಲ, ಬಾಗಲಕೋಟೆಯಿಂದ ಬೆಳಗಾವಿಯ ಹಾರ್ಮೋನ್ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಬೇಕಾ ಅಂತ ಕೇಳಿದ್ದೀರಿ. ಹೋಗಿ. ಆದರೆ ಅವರು ಮೊದಲು ಕೇಳೋದೇ ಮಾತ್ರೆ ಹೇಗೆ ತಗೋತೀರಿ ಅಂತ. ನಮ್ಮ ಅವ್ವ ಬೆಳಗ್ಗೆ ಚಹಾದ ಜೊತೆಗೇ ನುಂಗುತ್ತಿದ್ದರು, ಮೇಲೆ ಕ್ಯಾಲ್ಸಿಯಂ ಮಾತ್ರೆ ಬೇರೆ! ಥೈರಾಕ್ಸಿನ್ ಅನ್ನು, ಅಂದ್ರೆ ಈ ಥೈರಾಯ್ಡ್ ಮಾತ್ರೆಯನ್ನು, ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ತಗೊಂಡು, ಚಹಾ-ತಿಂಡಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು; ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ 4 ಗಂಟೆ ಅಂತರ ಬೇಕು, ಇಲ್ಲಾಂದ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಡಾಕ್ಟರ್ ಡೋಸ್ ಮುಟ್ಟಲೇ ಇಲ್ಲ, ಇದಿಷ್ಟನ್ನೇ ಸರಿಮಾಡಿ 6 ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿಸಿದರು. ಇಳಿದಿತ್ತು. ಹಳೇ ರಿಪೋರ್ಟೆಲ್ಲ ತಗೊಂಡು ಹೋಗಿ. ನೀವಾಗೇ ಡೋಸ್ ಮಾತ್ರ ಏರಿಸಬೇಡಿ, ಜಾಸ್ತಿಯಾದರೆ ಎದೆ ಡವಡವ ಅನ್ನುತ್ತೆ.