ಓದಿನ ಹಬ್ಬಕ್ಕೆ ವೇದಿಕೆ ಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪ್ರಾಥಮಿಕ ಶಾಲೆಯ ಓದಿನ ಬಗ್ಗೆಯೇ ಇದ್ದವು. ಐದನ್ನು ಆರಿಸಿಕೊಂಡಿದ್ದೇನೆ. ಮೊದಲ ಉತ್ತರ ಉದ್ದವಾಯಿತು, ಯಾಕಂದ್ರೆ ಆ ಟೀಚರ್ ಕೇಳಿದ್ದು ನಾನು ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ವಿಷಯ.

ಪ್ರಶ್ನೆ: ಮೇಡಂ, ನಾನು ಮೂರನೇ ತರಗತಿಯ ಟೀಚರ್. ನಮ್ಮಲ್ಲಿ ವರ್ಷಕ್ಕೊಮ್ಮೆ ಓದಿನ ಹಬ್ಬ ಮಾಡುತ್ತೇವೆ. ಪ್ರತಿ ವರ್ಷ ಅದೇ ನಾಲ್ಕೈದು ಮಕ್ಕಳು ವೇದಿಕೆ ಹತ್ತಿ ಓದುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಈ ಸಲ ಜವಾಬ್ದಾರಿ ನನ್ನದು. ಎಲ್ಲರನ್ನೂ ಓದಿಸಬೇಕು ಅಂತ ಆಸೆ. ಆದರೆ ಹತ್ತು ಹನ್ನೆರಡು ಮಕ್ಕಳು ಇನ್ನೂ ಒತ್ತಕ್ಷರದಲ್ಲಿ ತಡವರಿಸುತ್ತಾರೆ. ಎಲ್ಲರ ಮುಂದೆ ಅವರಿಗೆ ಅವಮಾನ ಆಗಲ್ವಾ?

ಉತ್ತರ: ವೇದಿಕೆ ಬಿಟ್ಟುಬಿಡಿ. ಮೈಕೂ ಬೇಡ. ಹಬ್ಬವನ್ನು ತರಗತಿಯೊಳಗೇ ಮಾಡಿ. ನಾಲ್ಕೈದು ಮಕ್ಕಳ ಒಂದೊಂದು ಗುಂಪು, ಪ್ರತಿ ಗುಂಪಿನ ಜೊತೆ ನೆಲದ ಮೇಲೆ ಕೂತು ಕೇಳುವ ಒಬ್ಬಿಬ್ಬರು ದೊಡ್ಡವರು, ಅಷ್ಟೇ. ಕೋಣೆಯ ಎಲ್ಲ ಮೂಲೆಯಲ್ಲೂ ಒಟ್ಟಿಗೇ ಓದು ನಡೆಯುತ್ತಿದ್ದರೆ ಒಂದು ಮಗು ತಡವರಿಸಿದ್ದು ಪಕ್ಕದಲ್ಲಿ ಕೂತವರಿಗೆ ಬಿಟ್ಟು ಯಾರಿಗೂ ಗೊತ್ತಾಗುವುದಿಲ್ಲ. ಆ ಗದ್ದಲ ಕೇಳಲು ಎಷ್ಟು ಚೆನ್ನಾಗಿರುತ್ತದೆ ಅಂತ ನೀವೇ ನೋಡಿ.

ತಯಾರಿ ಮಾತ್ರ ಒಂದು ವಾರ ಮೊದಲೇ ಶುರುವಾಗಬೇಕು. ಪ್ರತಿ ಮಗುವೂ ತನಗಿಷ್ಟವಾದ ಒಂದು ಪುಟ ಆರಿಸಿಕೊಳ್ಳಲಿ, ಅದನ್ನೇ ದಿನಾ ಒಬ್ಬ ಗೆಳೆಯನಿಗೆ ಓದಿ ಹೇಳಲಿ. ಇದರಿಂದ ಬಾಯಿಪಾಠ ಆಗಿಬಿಡುತ್ತೆ ಅಂತ ಕೆಲವರು ಹೇಳುತ್ತಾರೆ. ಆ ಭಯ ಬೇಡ. ಒಂದೇ ಭಾಗವನ್ನು ಮತ್ತೆ ಮತ್ತೆ ಓದಿಸುವ ಕ್ರಮದ ಬಗ್ಗೆ ಸ್ಯಾಮ್ಯುಯೆಲ್ಸ್ ಎಂಬ ಸಂಶೋಧಕರು 1979ರಲ್ಲಿ ಬರೆದಿದ್ದಾರೆ. ಮಕ್ಕಳ ವೇಗ ಹೆಚ್ಚಿತು, ತಪ್ಪು ಕಡಿಮೆಯಾಯಿತು, ಅದಕ್ಕಿಂತ ಮುಖ್ಯವಾಗಿ ಮುಂದಿನ ಹೊಸ ಭಾಗವನ್ನು ಮೊದಲ ಸಲ ಓದುವಾಗಲೇ ಅವರು ಹಿಂದಿಗಿಂತ ಚುರುಕಾಗಿದ್ದರು.

ಇನ್ನು ಆ ಹತ್ತು ಹನ್ನೆರಡು ಮಕ್ಕಳ ಮಾತು. ಅವರನ್ನು ದಯವಿಟ್ಟು ಹಿಂದುಳಿದವರು ಅಂದುಕೊಳ್ಳಬೇಡಿ. ಕನ್ನಡದಲ್ಲಿ ಮೂವತ್ತನಾಲ್ಕು ವ್ಯಂಜನ, ಒಂದೊಂದಕ್ಕೂ ಕಾಗುಣಿತ ಸೇರಿಸಿದರೆ ಮಗು ಗುರುತು ಹಿಡಿಯಬೇಕಾದ ರೂಪಗಳು ನಾನೂರು ದಾಟುತ್ತವೆ. ಅದರ ಮೇಲೆ ಒತ್ತಕ್ಷರ. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆಯೇ ಸೊನಾಲಿ ನಾಗ್ ಅವರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಕ್ಷರ ಕಲಿಕೆ ಒಂದನೇ ತರಗತಿಗೇ ಮುಗಿದುಹೋಗುವುದಿಲ್ಲ, ಮೂರು ನಾಲ್ಕನೇ ತರಗತಿಯಲ್ಲೂ ನಡೆಯುತ್ತಲೇ ಇರುತ್ತದೆ ಅಂತ ಅದರಲ್ಲಿ ಕಂಡಿತು. ಅಂದರೆ ನಿಮ್ಮ ಮಕ್ಕಳು ಇರಬೇಕಾದ ಹೊತ್ತಿನಲ್ಲೇ ಇದ್ದಾರೆ. ಅವರಿಗೆ ಬೇಕಾಗಿರುವುದು ಸಮಯ ಮತ್ತು ಪಕ್ಕದಲ್ಲಿ ಕೂರುವ ಒಬ್ಬರು.

ನನ್ನ ತರಗತಿಯ ಒಬ್ಬ ಹುಡುಗ ನೆನಪಾಗುತ್ತಾನೆ. "ಸೂರ್ಯ" ಅನ್ನುವ ಪದದ ಹತ್ತಿರ ಬಂದು ನಿಂತ. "ಸೂಯರ್" ಅಂದ. ತಪ್ಪು ಅಂತ ಅವನಿಗೇ ಅನ್ನಿಸಿತು, ಹುಬ್ಬು ಗಂಟಿಕ್ಕಿದ. ಅವನು ಓದಿದ್ದು ಕಣ್ಣಿಗೆ ಕಂಡ ಹಾಗೇ ಅಲ್ವಾ? ಅರ್ಕಾವತ್ತು ಕಣ್ಣಿಗೆ ಕೊನೆಗೆ ಕಾಣುತ್ತದೆ, ಬಾಯಿಗೆ ಮಾತ್ರ ಮೊದಲು ಬರಬೇಕು. ನನಗೆ ನಾಲಿಗೆ ತುದಿಯಲ್ಲಿತ್ತು, ಹೇಳಿಬಿಡೋಣ ಅಂತ. ಹೇಳಲಿಲ್ಲ. ಅವನು ಬೆರಳಿಂದ ಅರ್ಕಾವತ್ತನ್ನು ಮುಚ್ಚಿದ. ತೆಗೆದ. ಮತ್ತೆ ಮುಚ್ಚಿದ. "ಸೂ... ರ್... ಯ" ಅಂತ ಮೆಲ್ಲಗೆ ಜೋಡಿಸಿದ. ಆಮೇಲೆ ಕಿಟಕಿ ಕಡೆ ತಿರುಗಿ "ಓ, ಸೂರ್ಯ!" ಅಂದ, ಆಗಷ್ಟೇ ಅಲ್ಲಿ ಮೂಡಿದ ಹಾಗೆ.

ಹಬ್ಬದ ದಿನ ಕೇಳಲು ಬರುವ ದೊಡ್ಡವರಿಗೆ ಇದನ್ನೊಂದು ಮುಂಚೆಯೇ ಹೇಳಿಬಿಡಿ. ಮಗು ನಿಂತರೆ ಮನಸ್ಸಿನಲ್ಲೇ ಐದು ಎಣಿಸಿ, ತಕ್ಷಣ ಬಾಯಿ ಹಾಕಬೇಡಿ ಅಂತ. ನಾವು ಬೇಗ ಹೇಳಿಕೊಟ್ಟಷ್ಟೂ ಮಗು ಪುಟ ಬಿಟ್ಟು ನಮ್ಮ ಮುಖ ನೋಡುವುದನ್ನೇ ಕಲಿಯುತ್ತದೆ.

ಪ್ರಶ್ನೆ: ನನ್ನ ಮಗಳು ಎರಡನೇ ತರಗತಿ. ಅತಿ ಹೆಚ್ಚು ಪುಸ್ತಕ ಓದಿದವರಿಗೆ ಪದಕ ಕೊಡುತ್ತೇವೆ ಅಂತ ಶಾಲೆಯಲ್ಲಿ ಹೇಳಿದ್ದಾರೆ. ಅವಳು ಈಗ ಸುಮ್ನೆ ಪುಟ ತಿರುವಿ ಪಟ್ಟಿಗೆ ಹೆಸರು ಬರೆಯುತ್ತಾಳೆ. ಮೊದಲು ಒಂದೇ ಕಥೆಯನ್ನು ಹತ್ತು ಸಲ ಓದಿಸಿಕೊಳ್ಳುತ್ತಿದ್ದಳು. ನಾನು ಹೇಗೆ ತಡೆಯಲಿ?

ಉತ್ತರ: ನಿಮ್ಮ ಮಗಳ ತಪ್ಪಿಲ್ಲ. ಎಣಿಕೆಗೆ ಪದಕ ಇಟ್ಟರೆ ಮಕ್ಕಳು ಎಣಿಕೆಯನ್ನೇ ಹೆಚ್ಚಿಸುತ್ತಾರೆ, ಅದು ಸಹಜ.

1973ರಲ್ಲಿ ಅಮೆರಿಕದಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬುವರು ಚಿತ್ರ ಬಿಡಿಸುವುದೆಂದರೆ ಪ್ರಾಣ ಅನ್ನುವಂಥ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ "ಚಿತ್ರ ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುತ್ತೇವೆ" ಅಂತ ಮೊದಲೇ ಹೇಳಿದರು. ಕೆಲವರಿಗೆ ಏನೂ ಹೇಳದೆ ಕೊನೆಗೆ ಕೊಟ್ಟರು. ಇನ್ನು ಕೆಲವರಿಗೆ ಕೊಡಲೇ ಇಲ್ಲ. ಒಂದೆರಡು ವಾರದ ನಂತರ ಬಣ್ಣದ ಪೆನ್ನುಗಳನ್ನು ಸುಮ್ಮನೆ ಆಟದ ಹೊತ್ತಿನಲ್ಲಿ ಇಟ್ಟು ನೋಡಿದಾಗ, ಪ್ರಶಸ್ತಿಯ ಆಸೆಯಿಂದ ಬಿಡಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಹೇಳದೆ ಕೊಟ್ಟ ಬಹುಮಾನದಿಂದ ಅಂಥ ಪೆಟ್ಟು ಬೀಳಲಿಲ್ಲ. ಹಾಗಾಗಿ ಬಹುಮಾನವೇ ವಿಷ ಅಂತ ನಾನು ಹೇಳುತ್ತಿಲ್ಲ. ಮಗುವಿಗೆ ಆಗಲೇ ಇಷ್ಟವಿರುವ ಕೆಲಸಕ್ಕೆ ಮೊದಲೇ ಆಸೆ ತೋರಿಸುವುದು ಬೇಡ ಅನ್ನುತ್ತಿದ್ದೇನೆ.

ಮನೆಯಲ್ಲಿ ಪಟ್ಟಿಯ ಸುದ್ದಿ ಎತ್ತಬೇಡಿ. ಎಷ್ಟು ಓದಿದೆ ಅಂತ ಕೇಳುವ ಬದಲು ಯಾವ ಪುಟಕ್ಕೆ ಮತ್ತೆ ಹೋಗಬೇಕು ಅನ್ನಿಸಿತು ಅಂತ ಕೇಳಿ. ಹಳೆಯ ಆ ಕಥೆಯನ್ನು ಹನ್ನೊಂದನೇ ಸಲ ನೀವೇ ಓದಿ ಹೇಳಿ. ಟೀಚರ್ ಹತ್ತಿರವೂ ಮಾತಾಡಿ. ಪದಕದ ಬದಲು ಒಂದು ಗೋಡೆ ಬಿಟ್ಟುಕೊಡಿ, ಪ್ರತಿ ಮಗುವೂ ತನಗೆ ಇಷ್ಟವಾದ ಒಂದು ಸಾಲು ಬರೆದು ಅಂಟಿಸಲಿ ಅಂತ ಕೇಳಿ ನೋಡಿ. ಇಪ್ಪತ್ತು ಪುಸ್ತಕ ಓದಿದವಳದ್ದೂ ಒಂದು ಓದಿದವನದ್ದೂ ಅಲ್ಲಿ ಅಕ್ಕಪಕ್ಕ ಇರುತ್ತದೆ.

ಪ್ರಶ್ನೆ: ಓದಿನ ದಿನ ಅಂತ ಆಚರಿಸಲು ಸರಿಯಾದ ದಿನ ಯಾವುದು?

ಉತ್ತರ: ಮೂರು ಇವೆ. ಏಪ್ರಿಲ್ 2 ಅಂತರರಾಷ್ಟ್ರೀಯ ಮಕ್ಕಳ ಪುಸ್ತಕ ದಿನ, ಕಥೆಗಾರ ಹ್ಯಾನ್ಸ್ ಕ್ರಿಶ್ಚಿಯನ್ ಆ್ಯಂಡರ್ಸನ್ ಹುಟ್ಟಿದ ದಿನ ಅದು. ಏಪ್ರಿಲ್ 23 ಯುನೆಸ್ಕೊ 1995ರಲ್ಲಿ ಘೋಷಿಸಿದ ಪುಸ್ತಕ ದಿನ. ಸೆಪ್ಟೆಂಬರ್ 8 ಸಾಕ್ಷರತಾ ದಿನ, 1967ರಿಂದ ನಡೆದುಬಂದಿದೆ. ಆ ದಿನಗಳಲ್ಲಿ ನಿಮ್ಮ ಶಾಲೆಗೆ ರಜೆ ಇದ್ದರೆ ಬೇರೆ ಯಾವ ದಿನವಾದರೂ ಆಗುತ್ತದೆ. ಮಕ್ಕಳ ತಯಾರಿ ಆದ ದಿನವೇ ಒಳ್ಳೆಯ ದಿನ.

ಪ್ರಶ್ನೆ: ಮಗ ನಾಲ್ಕನೇ ತರಗತಿ. ಪಟಪಟ ಅಂತ ಓದುತ್ತಾನೆ. ಏನು ಓದಿದೆ ಅಂದರೆ ಉತ್ತರ ಇಲ್ಲ. ಇದೇನು ಗಮನ ಕೊಡದಿರುವುದಾ, ಬೇರೆ ತೊಂದರೆಯಾ?

ಉತ್ತರ: ಗಮನ ಇಲ್ಲ ಅಂತ ತೀರ್ಮಾನಕ್ಕೆ ಬರುವ ಮೊದಲು ಒಂದು ಪರೀಕ್ಷೆ ಮಾಡಿ. ಅದೇ ಪುಟವನ್ನು ನೀವು ಓದಿ ಹೇಳಿ. ಆಗ ಅರ್ಥವಾದರೆ ಅವನ ಶಕ್ತಿಯೆಲ್ಲ ಅಕ್ಷರ ಬಿಡಿಸುವುದರಲ್ಲೇ ಖರ್ಚಾಗುತ್ತಿದೆ, ನಿಧಾನಕ್ಕೆ ಓದಿಸಿ. ಕೇಳಿದರೂ ಅರ್ಥವಾಗದಿದ್ದರೆ ಅವನಿಗೆ ಆ ಪದಗಳೋ ಆ ವಿಷಯವೋ ಹೊಸದು.

ಎರಡನೆಯದನ್ನು ನಾವು ಮರೆತೇಬಿಡುತ್ತೇವೆ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಇಬ್ಬರು ಮಕ್ಕಳಿಗೆ ಬೇಸ್‌ಬಾಲ್ ಆಟದ ಬಗ್ಗೆ ಒಂದು ಭಾಗ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಅದನ್ನು ನೆನಪಿಟ್ಟು ಹೇಳಿದರು. ಜೇಡದ ಬಗ್ಗೆ ಪಾಠ ಇದ್ದರೆ ಮೊದಲು ಜೇಡವನ್ನು ನೋಡಿಸಿ. ಕಾಲು ಎಣಿಸಲಿ, ಎಂಟು. ಇರುವೆಗೆ ಎಷ್ಟು? ಆರು. ಹಾಗಾದರೆ ಜೇಡ ಕೀಟ ಅಲ್ವಾ ಅಂತ ಅವನೇ ಕೇಳುತ್ತಾನೆ, ಆ ಪ್ರಶ್ನೆ ಹಿಡಿದುಕೊಂಡು ಪುಟಕ್ಕೆ ಹೋದರೆ ಓದಿದ್ದು ತಲೆಯಲ್ಲಿ ನಿಲ್ಲುತ್ತದೆ. ವಿಜ್ಞಾನ, ಸಮಾಜದ ಪೀರಿಯಡ್‌ಗಳು ಓದಿಗೆ ಅಡ್ಡಿ ಅಂತ ಅವುಗಳನ್ನು ಕತ್ತರಿಸುವ ಶಾಲೆಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಓದಿದ್ದು ಅರ್ಥವಾಗಲು ಬೇಕಾದ ತಿಳಿವಳಿಕೆ ಮಕ್ಕಳಿಗೆ ಆ ಪೀರಿಯಡ್‌ಗಳಲ್ಲೇ ಸಿಗುವುದು.

ಪ್ರಶ್ನೆ: ಇದನ್ನು ಪಕ್ಕದ ಮನೆಯವರ ಕೈಲಿ ಬರೆಸುತ್ತಿದ್ದೇನೆ ಅಮ್ಮ. ನನಗೆ ಓದಲು ಬರುವುದಿಲ್ಲ. ಮೊಮ್ಮಗಳ ತರಗತಿಯಲ್ಲಿ ಮಕ್ಕಳು ಓದುವುದನ್ನು ನೋಡಲು ಬನ್ನಿ ಅಂತ ಕರೆದಿದ್ದಾರೆ. ಅವಳ ಅಪ್ಪ ಅಮ್ಮನಿಗೆ ಬಿಡುವಿಲ್ಲ. ನಾನು ಹೋಗಿ ಏನು ಮಾಡಲಿ? ಯಾರಾದರೂ ಪುಸ್ತಕ ಕೈಗೆ ಕೊಟ್ಟರೆ?

ಉತ್ತರ: ಅಜ್ಜಿ, ಖಂಡಿತ ಹೋಗಿ. ಅಲ್ಲಿ ಓದುವ ಕೆಲಸ ಮಕ್ಕಳದ್ದು. ಬಂದವರ ಕೆಲಸ ಕೇಳುವುದು, ಅದು ನಿಮಗೆ ಬೇಕಾದಷ್ಟು ಬರುತ್ತದೆ. ಯಾರಾದರೂ ಪುಸ್ತಕ ಕೊಟ್ಟರೆ ಮೊಮ್ಮಗಳ ಕೈಗೆ ದಾಟಿಸಿ, "ನೀನೇ ಓದಮ್ಮ, ನಾನು ಕೇಳುತ್ತೇನೆ" ಅನ್ನಿ. ಒಂದು ಪುಟ ಮುಗಿದ ಮೇಲೆ "ಆಮೇಲೆ ಏನಾಯ್ತು?" ಅಂತ ಕೇಳಿ. ಅದನ್ನು ತಿಳಿಯಬೇಕು ಅಂತ ನಿಮಗೆ ನಿಜವಾಗಿಯೂ ಅನ್ನಿಸುತ್ತದೆ, ಅವಳಿಗೂ ಅದು ಗೊತ್ತಾಗುತ್ತದೆ. ಕಥೆ ಗೊತ್ತಿರುವ ನಮ್ಮಂಥವರ ಮುಂದೆ ಓದುವುದಕ್ಕಿಂತ ನಿಮ್ಮ ಮುಂದೆ ಓದುವುದು ಮಗುವಿಗೆ ದೊಡ್ಡ ಕೆಲಸ.

ಸ್ವಲ್ಪ ಬೇಗ ಹೋಗಿ, ಅವಳ ಪಕ್ಕದಲ್ಲೇ ಜಾಗ ಹಿಡಿದುಕೊಳ್ಳಿ. ಅವಳ ಬೆರಳು ಯಾವ ಸಾಲಿನ ಮೇಲಿದೆ ಅಂತ ನಿಮಗೆ ಕಾಣುವ ಹಾಗೆ ಕೂತುಕೊಳ್ಳಿ.