ಮರಳಿನ ತಟ್ಟೆ, ಶಾಲೆಯ ಮೊಹರು
ಸಂಪಾದಕರ ಉತ್ತರ

ಪ್ರೀತಿಯ ಟೀಚರೇ,

ಇಂಗ್ಲೆಂಡಿನ ಹಿಚಿನ್ ಊರಿನಲ್ಲಿ ಹಳೇ ಶಾಲೆಯನ್ನೇ ಮ್ಯೂಸಿಯಂ ಮಾಡಿದ್ದನ್ನು ನೋಡಿ ಬಂದು ನೀವು ಬರೆದ ಕಾಗದ ತಲುಪಿತು. ಮಕ್ಕಳು ಬೆರಳಿನಲ್ಲಿ ಅಕ್ಷರ ತಿದ್ದುವ ಮರಳಿನ ತಟ್ಟೆ ಕಂಡು ನಿಮ್ಮ ಕಣ್ಣು ತುಂಬಿತಂತೆ. ಅದು ನಮ್ಮ ಕಾಸರಗೋಡಿನ ಕಡೆಯಿಂದಲೇ ಹೋದದ್ದಲ್ವಾ ಎಂದು ಕೇಳಿದ್ದೀರಿ. ನೀವು ಕಲಿಸಿದ ಹೈಸ್ಕೂಲಿನ ಹಂಚಿನ ಕಟ್ಟಡ ಕೆಡವುತ್ತಿದ್ದಾರೆ, ಹಳೇ ವಿದ್ಯಾರ್ಥಿಗಳು ಒಂದು ಕೋಣೆ ಉಳಿಸಿಕೊಂಡಿದ್ದಾರೆ, ಅದರಲ್ಲಿ ಏನಿಡುವುದು ಎಂದೂ ಕೇಳಿದ್ದೀರಿ.

ಮೊದಲು ಮರಳಿನ ವಿಷಯ. ಆಂಡ್ರ್ಯೂ ಬೆಲ್ ಎಂಬ ಪಾದ್ರಿ 1789ರಲ್ಲಿ ಮದರಾಸಿನ ಅನಾಥ ಹುಡುಗರ ಶಾಲೆಯನ್ನು ವಹಿಸಿಕೊಂಡರು. ಒಂದು ಬೆಳಿಗ್ಗೆ ಕುದುರೆ ಮೇಲೆ ಹೋಗುವಾಗ ಒಂದು 'ಮಲಬಾರ್ ಶಾಲೆ'ಯ ಮಕ್ಕಳು ನೆಲದ ಮೇಲೆ ಕೂತು ಮರಳಿನಲ್ಲಿ ಬರೆಯುವುದನ್ನು ಕಂಡರು. ಅದನ್ನೇ ತಮ್ಮ ಶಾಲೆಗೆ ತಂದರು. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸಿದರು. 1797ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಲಂಡನ್ನಿನಲ್ಲಿ ಬಡ ಮಕ್ಕಳಿಗೆ ಶಾಲೆ ನಡೆಸುತ್ತಿದ್ದ ಜೋಸೆಫ್ ಲಂಕಾಸ್ಟರ್ ಮರಳಿನ ಪಾಠವನ್ನು ಅಲ್ಲಿಂದ ತೆಗೆದುಕೊಂಡರು. ಹಿಚಿನ್ನಿನಲ್ಲಿ ನೀವು ನಿಂತಿದ್ದ 1837ರ ಕೋಣೆ, ದೊಡ್ಡ ಹುಡುಗರೇ ಚಿಕ್ಕವರಿಗೆ ಕಲಿಸುವ ಲಂಕಾಸ್ಟರ್ ಪದ್ಧತಿಯದೇ. 300 ಹುಡುಗರಿಗೆ ಒಬ್ಬರೇ ಮಾಸ್ಟ್ರು!

ಆದರೆ ಟೀಚರೇ, 'ಇದು ನಮ್ಮೂರಿನದು' ಎಂದು ಬೋರ್ಡು ಬರೆಸಬೇಡಿ. ಆಗಿನ ಇಂಗ್ಲಿಷರು ತಮಿಳರನ್ನೂ ಮಲಬಾರಿನವರು ಎನ್ನುತ್ತಿದ್ದರು. ಬೆಲ್ ಕಂಡದ್ದು ಮದರಾಸಿನ ಕಡೆಯ ಮಕ್ಕಳನ್ನು. ನಮ್ಮ ಸೀಮೆ ಆಗ ಟಿಪ್ಪುವಿನ ಕೈಯಲ್ಲಿತ್ತು. ಮರಳಿನಲ್ಲಿ, ಅಕ್ಕಿಯಲ್ಲಿ ಬೆರಳು ತಿದ್ದಿಸುವುದು ನಮ್ಮಲ್ಲೂ ಇತ್ತು, ಅಷ್ಟು ಹೇಳಿದರೆ ಸಾಕು.

ಇನ್ನು ಕೋಣೆ. ಬೆಂಚು, ಸ್ಲೇಟು, ಗಂಟೆ ಇಡಿ, ಬೇಡ ಅನ್ನುವುದಿಲ್ಲ. ಅವು ಎಲ್ಲ ಊರಿನಲ್ಲೂ ಇವೆ. ನಮ್ಮಲ್ಲಿ ಮಾತ್ರ ಸಿಗುವುದು ಕಾಗದ. 1956ರ ನವೆಂಬರ್ 1ರಂದು ನಮ್ಮ ಶಾಲೆಗಳು ಇದ್ದ ಜಾಗದಲ್ಲೇ ಇದ್ದವು, ರಾಜ್ಯ ಬದಲಾಯಿತು. ಅದಕ್ಕೆ ಮೊದಲು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ. ಆಮೇಲೆ ಕೇರಳದ ಕಣ್ಣೂರು ಜಿಲ್ಲೆ. 1984ರಿಂದ ಕಾಸರಗೋಡು ಜಿಲ್ಲೆ. ಅಜ್ಜನ, ಮಗಳ, ಮೊಮ್ಮಗನ ಎಸ್ಸೆಸ್ಸೆಲ್ಸಿ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಶಾಲೆ ಒಂದೇ, ಜಿಲ್ಲೆ ಮೂರು. ಇದನ್ನು ನೋಡಿದ ಮಗುವಿಗೆ ನಾವು ಭಾಷಣ ಮಾಡಬೇಕಿಲ್ಲ. ಮನೆ ಮನೆಯ ಟ್ರಂಕಿನಲ್ಲಿ ಇವು ಇನ್ನೂ ಇವೆ. ಮೂಲ ಪ್ರತಿ ಕೇಳಬೇಡಿ, ಕೊಡುವವರಿಗೆ ಸಂಕಟವಾಗುತ್ತದೆ. ಫೋಟೋ ತೆಗೆದುಕೊಳ್ಳಿ. ಶಾಲೆಯ ದಾಖಲಾತಿ ಪುಸ್ತಕದ ಪ್ರತಿಗೆ ಹೆಡ್ಮಾಸ್ಟ್ರ ಅನುಮತಿ ಬೇಕು. ಹಳೇ ಮೊಹರುಗಳಿದ್ದರೆ ಬಿಡಲೇಬೇಡಿ.

ಇನ್ನೊಂದು ಆಸೆ. ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಮರಾಠಿ ಮಾತಾಡುವ ಮನೆಗಳಿಂದ ಬಂದ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಕನ್ನಡ ಕಲಿತರು. ಶಾಲೆಯಲ್ಲಿ ಅವರು ಮೊದಲು ಆಡಿದ ಕನ್ನಡ ಮಾತು ಯಾವುದು? ಈಗ ಎಪ್ಪತ್ತು ಎಂಬತ್ತು ದಾಟಿದವರನ್ನು ಕೂರಿಸಿ ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಮಗ್ಗಿಯನ್ನೂ ಆಗಿನ ರಾಗದಲ್ಲೇ ಹೇಳಿಸಿ. ನೀವು ಕರೆದರೆ ಅವರು ಬರುತ್ತಾರೆ, ನಾವು ಕರೆದರೆ ನಾಚುತ್ತಾರೆ.

ಕಾಗದಗಳನ್ನು ಮಾತ್ರ ಮಳೆ ಹಿಡಿಯುವ ಮೊದಲೇ ಸಾಗಿಸಿ. ಹಂಚು ತೆಗೆಯುವ ದಿನ ಗೊತ್ತಾದರೆ ಒಂದು ಸಾಲು ಬರೆಯಿರಿ. ಹಿಂದಿನ ದಿನವೇ ಬಂದು ನಿಮ್ಮ ಜೊತೆ ಕಪಾಟು ಖಾಲಿ ಮಾಡುತ್ತೇನೆ.

ಸಂ.